ಮೇಲಿನಿಂದ ಎಣಿಸಿದವರು

ಟಣ್ ಎಂದರೆ ಕಲ್ಲು ಗಟ್ಟಿ. ಬದ್ ಎಂದರೆ ಒಳಗೆಲ್ಲೋ ಬಿರುಕಿದೆ. ಶಹಾಬಾದಿನ ಖಣಿಗಳಲ್ಲಿ ಹೆಂಗಸರು ಹಾಸುಗಲ್ಲನ್ನು, ನಮ್ಮ ಕಡೆ ಪರಸಿ ಎನ್ನುವ ಆ ಬೂದು ಕಲ್ಲನ್ನು, ಸುತ್ತಿಗೆಯಿಂದ ಒಂದೇ ಒಂದು ಸಲ ಬಡಿಯುತ್ತಿದ್ದರು. ತಲೆ ಓರೆ ಮಾಡಿ ಕೇಳುತ್ತಿದ್ದರು. ಆಮೇಲೆ ಅದನ್ನು ಈ ಸಾಲಿಗೋ ಆ ಸಾಲಿಗೋ ಸರಿಸುತ್ತಿದ್ದರು. ಒಂದು ವರ್ಷದ ಬೇಸಿಗೆ ಪೂರ್ತಿ ಆ ಸಪ್ಪಳದ ನಡುವೆ ಕೊಡೆ ಹಿಡಿದು ಕೂತು, ನಿಮ್ಮ ಬಾಳು ಎಷ್ಟು ಚೆನ್ನಾಗಿದೆ ಎಂದು ನಾನು ಜನರನ್ನು ಕೇಳುತ್ತಿದ್ದೆ. ಅವರು ಒಂದು ನಂಬರ್ ಹೇಳುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ.

ಹೋದ ವಾರ ಕಲಬುರಗಿಯ ನಮ್ಮ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು ಬದಲಿಸಲು ಬಂದ ಗೌಂಡಿ ಹಾಗೆಯೇ ಬಡಿದು ನೋಡಿದ. ನಾನು ಚಹಾ ಸೋಸುತ್ತಿದ್ದೆ. ಕೈ ನಿಂತಿತು. ಅವನು ಕಲ್ಲಿನ ಮೇಲೆ ಒಂದು ತಂಬಿಗೆ ನೀರು ಸುರಿದಾಗ ಬಿಸಿ ಕಲ್ಲಿನಿಂದ ಏಳುವ ಆ ವಾಸನೆಯೂ ಬಂತು. ಅದಕ್ಕೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ನನ್ನ ಬಳಿ ಹೆಸರಿಲ್ಲ. ನಲವತ್ತು ವರ್ಷ ಇಂಗ್ಲಿಷ್ ಕಲಿಸಿದವಳು ನಾನು, ಶಬ್ದಕ್ಕೆ ಶಬ್ದ ಹುಡುಕುವುದೇ ನನ್ನ ಕಸುಬು. ಅದೇ ಕಸುಬಿನ ಸೊಕ್ಕಿನಿಂದಲೇ ಆ ವರ್ಷ ನಾನು ಮಾಡಬಾರದ್ದು ಮಾಡಿದ್ದು.

ಕಾಲೇಜಿನಿಂದ ರಿಟೈರ್ ಆಗಿ ಮೂರು ವರ್ಷವಾಗಿತ್ತು. ನನ್ನ ಹಳೆಯ ವಿದ್ಯಾರ್ಥಿನಿ ರೇವತಿ ಬೆಂಗಳೂರಿನಿಂದ ಫೋನ್ ಮಾಡಿದಳು. ಅವಳು ಒಂದು ಸಂಸ್ಥೆಯಲ್ಲಿ ಸರ್ವೆ ಕೆಲಸ ನೋಡಿಕೊಳ್ಳುತ್ತಿದ್ದಳು. ಯಾರೋ ದಾನಿಗಳು ಒಂದು ದವಾಖಾನೆ ಗಾಡಿ ಕೊಡುತ್ತಾರಂತೆ. ಅದರಲ್ಲಿ ಮನಸ್ಸಿನ ಕಾಯಿಲೆಯ ಡಾಕ್ಟರ್ ಇರುತ್ತಾರೆ. ವಾರಕ್ಕೊಮ್ಮೆ, ಎರಡು ವರ್ಷ, ಐದೇ ಐದು ಊರಿಗೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸುತ್ತಲಿನ ಊರುಗಳಲ್ಲಿ ಯಾವ ಐದು ಎಂದು ತಿಳಿಯಬೇಕು. ಜನರನ್ನೇ ಕೇಳುವುದು. ಎಲ್ಲಿ ಜನ ತಮ್ಮ ಬಾಳಿಗೆ ಕಡಿಮೆ ಅಂಕ ಕೊಟ್ಟುಕೊಳ್ಳುತ್ತಾರೋ ಆ ಊರಿಗೆ ಗಾಡಿ.

“ಮಿಸ್, ಪ್ರಶ್ನೆಗಳನ್ನ ನೀವೇ ಟ್ರಾನ್ಸ್‌ಲೇಟ್ ಮಾಡ್ಬೇಕು. ಪುಸ್ತಕದ ಕನ್ನಡ ಬೇಡ, ಅಲ್ಲಿನ ಮಾತು ಬೇಕು. ಮತ್ತೆ ಫೀಲ್ಡಿಗೂ ಹೋಗ್ತೀರಾ?” ಎಂದಳು.

ಹೋಗುತ್ತೇನೆ ಎಂದೆ. ಮನೆಯಲ್ಲಿ ಕೂತು ಕ್ರಾಸ್‌ವರ್ಡ್ ತುಂಬಿ ತುಂಬಿ ಸಾಕಾಗಿತ್ತು.

ಸುಖವಾಗಿದ್ದೀರಾ ಎಂದು ಕೇಳುವುದು ಎಷ್ಟು ಸುಲಭ ಎಂದು ಆಗ ಅನ್ನಿಸಿತ್ತು. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಒಬ್ಬರು ದಿನಾ ಪ್ರೇಯರ್ ಮುಗಿದ ಮೇಲೆ ಅದನ್ನೇ ಕೇಳುತ್ತಿದ್ದರು. “ಆರ್ ವಿ ಹ್ಯಾಪಿ, ಗರ್ಲ್ಸ್?” ನಾವು ಒಂದೇ ರಾಗದಲ್ಲಿ, “ಯೆಸ್, ಸಿಸ್ಟರ್.” ಹೊಟ್ಟೆ ನೋವಿದ್ದವಳೂ ಯೆಸ್, ಹಿಂದಿನ ದಿನ ತಂದೆ ತೀರಿಕೊಂಡು ಊರಿಗೆ ಹೊರಟವಳೂ ಯೆಸ್. ಅರವತ್ತರ ಮೇಲೆ ಖಣಿಯಲ್ಲಿ ಕೂತಾಗ ಅದು ನೆನಪಾಗಬೇಕಿತ್ತು. ಆಗಲಿಲ್ಲ.

ರೇವತಿ ಕಳಿಸಿದ ಕಾರ್ಡಿನಲ್ಲಿ ಒಂದು ಏಣಿಯ ಚಿತ್ರವಿತ್ತು. ಹತ್ತು ಮೆಟ್ಟಿಲು, ಪಕ್ಕಕ್ಕೆ ಕೆಳಗಿನಿಂದ ಮೇಲಕ್ಕೆ ಒಂದರಿಂದ ಹತ್ತರ ತನಕ ನಂಬರ್. ಎಲ್ಲಕ್ಕಿಂತ ಮೇಲಿನದು ಅತ್ಯುತ್ತಮ ಬಾಳು, ಎಲ್ಲಕ್ಕಿಂತ ಕೆಳಗಿನದು ಅತಿ ಕಷ್ಟದ ಬಾಳು. ನೀವು ಎಷ್ಟನೆಯದರ ಮೇಲೆ ನಿಂತಿದ್ದೀರಿ? ಪ್ರಪಂಚದ ಎಲ್ಲ ಕಡೆ ಹೀಗೇ ಕೇಳುತ್ತಾರಂತೆ. ಪರೀಕ್ಷೆ ಮಾಡಿ ನೋಡೋಣವೆಂದು ಚಿತ್ತಾಪುರದ ಹತ್ತಿರ ಒಂದು ಹಳ್ಳಿಗೆ ಹೋದೆವು. ನಾವು ಎಂದರೆ ನಾನು ಮತ್ತು ಜೀಪಿನ ಡ್ರೈವರ್ ಇಮಾಮಸಾಬ್. ವಾಡಿಯವನು, ಐವತ್ತು ದಾಟಿದವನು, ನನ್ನ ಕೊಡೆ ಮತ್ತು ನನ್ನ ಮಂಡಿನೋವು ಎರಡನ್ನೂ ಹೊತ್ತು ತಿರುಗಿದವನು. ಅಲ್ಲಿ ಕಟ್ಟೆಯ ಮೇಲೆ ಕೂತಿದ್ದ ಮುದುಕಿಯ ಮುಂದೆ ಕಾರ್ಡು ಹಿಡಿದೆ. ಆಕೆ ಅದನ್ನು ನೋಡಿ ಕೈಯಿಂದ ಆಚೆ ದಬ್ಬಿದಳು.

“ಏನ್ರಿ ಬಾಯಿ, ಮುಂಜಾನೆದ್ದು ಮನಿ ಮುಂದ ಸಿದಿಗಿ ಚಿತ್ರ ತಂದು ಹಿಡದೀರಿ?”

“ಸಿದಿಗಿ ಅಲ್ಲಮ್ಮಾ, ಹೆಣ ಒಯ್ಯೋದಲ್ಲ. ಏಣಿ ಇದು.”

“ನಿಮಗ ಏಣಿ. ನನ್ನ ವಯಸ್ಸಿನಾಕಿಗಿ ಎರಡು ಬಿದರು, ನಡುವ ಅಡ್ಡಕಡ್ಡಿ ಇದ್ದದ್ದು ಎಲ್ಲಾ ಒಂದ. ಎಷ್ಟನೇ ಕಡ್ಡಿ ಮ್ಯಾಲ ಅದೀನಿ ಅಂತ ಕೇಳ್ತೀರಲ್ಲ, ಮಲಗಿಸಿದ ಮ್ಯಾಲ ಎಲ್ಲಾ ಕಡ್ಡಿ ಮ್ಯಾಲೂ ಇರ್ತೀನಿ. ತಗೀರಿ ಮೊದಲ.”

ಇಮಾಮಸಾಬ್ ಜೀಪಿನ ಹಿಂದೆ ಹೋಗಿ ನಕ್ಕು ಬಂದ.

ಏಣಿ ಬೇಡವೆಂದು ಆ ಸಂಜೆಯೇ ತೀರ್ಮಾನಿಸಿದೆ. ಕಲ್ಲಿನ ಮೆಟ್ಟಿಲು ಬರೆಸಿದೆ. ಮೆಟ್ಟಿಲು ಎನ್ನುವುದೂ ಪುಸ್ತಕದ ಮಾತಾಯಿತೆಂದು ‘ಪಾವಟಿಗಿ’ ಎಂದು ಹಾಕಿದೆ. ಗುಡಿಗೆ ಹತ್ತುವುದು ಪಾವಟಿಗಿ, ಮಾಳಿಗೆಗೆ ಹತ್ತುವುದು ಪಾವಟಿಗಿ. ಈ ಸೀಮೆಯ ಬಾಯಲ್ಲಿ ದಿನಾ ಇರುವ ಶಬ್ದ. ಪಕ್ಕದ ನಂಬರುಗಳನ್ನೂ ತೆಗೆಸಿಬಿಟ್ಟೆ. ಅಕ್ಷರ ಬಾರದವರಿಗೆ ಅವು ಪರೀಕ್ಷೆಯ ಹಾಗೆ ಹೆದರಿಸುತ್ತವೆ, ಚಿತ್ರ ಸರಳವಾಗಿರಲಿ ಎಂದು. ಶಬ್ದ ಬದಲಿಸಿದ್ದನ್ನು ರೇವತಿಗೆ ಹೇಳಿದಾಗ, “ಯು ನೋ ಬೆಸ್ಟ್, ಮಿಸ್,” ಎಂದಳು. ಆ ಮಾತು ಎರಡು ದಿನ ನನ್ನ ಜೊತೆ ಇತ್ತು, ಒಳ್ಳೆಯ ಸೀರೆ ಉಟ್ಟುಕೊಂಡ ಹಾಗೆ.

ಹೋಳಿ ಮುಗಿದ ಮೇಲೆ ಕೆಲಸ ಶುರುವಾಯಿತು. ಬೆಳಿಗ್ಗೆ ಒಂಬತ್ತಕ್ಕೇ ಜೀಪಿನ ಸೀಟು ಸುಡುತ್ತಿತ್ತು. ವಾಡಿಯ ಆಚೆ ಬೇವಿನ ಎಲೆಗಳ ಮೇಲೆ ಸಿಮೆಂಟಿನ ಧೂಳು ಹಿಟ್ಟಿನಂತೆ ಕೂತಿರುತ್ತಿತ್ತು. ಚಿಂಚೋಳಿಯ ಕಡೆ ಗುಡ್ಡ ಕಂಡರೆ ಸ್ವಲ್ಪ ಉಸಿರು ಬಂದಂತಾಗುತ್ತಿತ್ತು, ಅಷ್ಟೆ. ಮಧ್ಯಾಹ್ನ ಯಾರದೋ ಪಡಸಾಲೆಯಲ್ಲಿ ರೊಟ್ಟಿ ಉಂಡು, ಮತ್ತೆ ಅದೇ ಪ್ರಶ್ನೆ, ಅದೇ ಕಾರ್ಡು.

ಸೇಡಂ ಕಡೆಯ ಮುಧೋಳದಲ್ಲಿ ಎಲ್ಲರೂ ಎಂಟು ಎಂದರು. ಒಬ್ಬ ಗೃಹಿಣಿ ತೊಗರಿ ಬೇಳೆ ಹಸನು ಮಾಡುತ್ತ ತಲೆ ಎತ್ತದೆ, “ಎಂಟು ಬರ್ಕೋರಿ,” ಎಂದಳು. ಸ್ವಲ್ಪ ಯೋಚಿಸಿ ಹೇಳಿ ಎಂದೆ.

“ಯೋಚನಿ ಏನ್ರಿ ಅದ್ರಾಗ? ಮನಿಗಿ ಬಂದವರ ಮುಂದ ಅದಕ್ಕಿಂತ ಕಡಿಮಿ ಹ್ಯಾಂಗ ಹೇಳ್ಲಿ? ಹತ್ತು ಅಂದ್ರ ಸೊಕ್ಕಿನಾಕಿ ಅಂತೀರಿ.”

ಕೊಡ್ಲಿಯಲ್ಲಿ ಎಲ್ಲರದೂ ಐದು. ಬೇವಿನ ನೆರಳಲ್ಲಿ ಹಗ್ಗ ಹೊಸೆಯುತ್ತಿದ್ದ ರೈತನೊಬ್ಬ, “ನಡುವ ಹಾಕಿಬಿಡ್ರಿ. ಮ್ಯಾಲ ಅಂದ್ರ ಕಣ್ಣು ಬೀಳ್ತದ. ಕೆಳಗ ಅಂದ್ರ ಅದೇ ಖರೇ ಆಗ್ತದ,” ಎಂದ.

ಶಹಾಬಾದಿನಿಂದ ವಾಡಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಖಣಿಯ ವಸ್ತಿಯಲ್ಲಿ ಹೆಚ್ಚಿನವರು ಒಂಬತ್ತು, ಹತ್ತು ಎಂದರು.

ಮಲ್ಲಮ್ಮನನ್ನು ನಾನು ಮೊದಲು ಕಂಡದ್ದು ಆ ವಸ್ತಿಯಲ್ಲೇ. ಒಡೆದ ಪರಸಿಗಳನ್ನು ಒಂದರ ಮೇಲೊಂದು ಪೇರಿಸಿದ ಗೋಡೆ, ಮೇಲೆ ತಗಡು. ಒಳಗೆ ಪಾತ್ರೆಗಳು ಕನ್ನಡಿಯಂತೆ ಬೆಳಗಿದ್ದವು. ಆಕೆಗೆ ನಲವತ್ತೈದು ಇರಬಹುದು. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಒಬ್ಬ ಹುಡುಗಿ ಕೂತಿದ್ದಳು, ಇಪ್ಪತ್ತರ ಆಸುಪಾಸು. ಸೀರೆಯ ಜೋಲಿಯಲ್ಲಿ ಕೂಸು ಅಳುತ್ತಿತ್ತು. ಹುಡುಗಿಯ ಬೆನ್ನು ಅಲುಗಲಿಲ್ಲ.

“ಸೊಸಿ ರೀ, ಕಸ್ತೂರಿ,” ಎಂದು ಮಲ್ಲಮ್ಮ ಕೂಸನ್ನು ಎತ್ತಿಕೊಂಡಳು. “ಹಡದು ಆರು ತಿಂಗಳಾತು. ಅವಾಗಿಂದ ಹಿಂಗ ಕುಂತಾಳ. ಉಣ್ಣು ಅಂದ್ರ ಉಣ್ತಾಳ, ಇಲ್ಲಂದ್ರ ಇಲ್ಲ. ಕೂಸು ಅತ್ರ ಹೊಳ್ಳಿ ನೋಡಂಗಿಲ್ಲ. ಮಾತರೇ ಆಡಲಿ ಅಂದ್ರ ಅದೂ ಇಲ್ಲ.”

ಅದಕ್ಕೆ ಡಾಕ್ಟರುಗಳ ಭಾಷೆಯಲ್ಲಿ ಒಂದು ಹೆಸರಿದೆ. ನನಗೆ ಗೊತ್ತಿತ್ತು. ಆದರೆ ನನಗೆ ಕೊಟ್ಟ ಕೆಲಸ ಪ್ರಶ್ನೆ ಕೇಳುವುದು. ಕಾರ್ಡು ತೆಗೆದೆ.

“ಹತ್ತು ಪಾವಟಿಗಿ ಅದಾವ. ಎಲ್ಲಾಕ್ಕಿಂತ ಮ್ಯಾಲಿಂದು ಭಾಳ ಚಲೋ ಬಾಳ್ವಿ, ಎಲ್ಲಾಕ್ಕಿಂತ ಕೆಳಗಿಂದು ಭಾಳ ತ್ರಾಸಿನ ಬಾಳ್ವಿ. ನೀವು ಎಷ್ಟನೇ ಪಾವಟಿಗಿ ಮ್ಯಾಲ ನಿಂತೀರಿ?”

“ಹತ್ತನೇದು.”

“ಹತ್ತಾ? ಖರೇನಾ?”

“ಸುಳ್ಯಾಕ ಹೇಳ್ಲಿ ಅಕ್ಕೋರ? ನೀವ ನೋಡ್ಲಿಕತ್ತೀರಲ್ಲ.”

ನೋಡಿದೆ. ಬೆಳಗಿದ ಪಾತ್ರೆ ನೋಡಿದೆ, ಕೂಸನ್ನು ತಟ್ಟುತ್ತಿದ್ದ ಆ ಒರಟು ಕೈ ನೋಡಿದೆ. ಕೌಂಟ್ ಯುವರ್ ಬ್ಲೆಸಿಂಗ್ಸ್ ಎಂದು ಸಿಸ್ಟರ್ ಬೋರ್ಡಿನ ಮೇಲೆ ಬರೆಯುತ್ತಿದ್ದದ್ದು ಕಣ್ಣಿಗೆ ಬಂತು. ಫಾರ್ಮಿನಲ್ಲಿ ಹತ್ತು ಎಂದು ಬರೆದು, ರಿಮಾರ್ಕ್ಸ್ ಕಾಲಮ್ಮಿನಲ್ಲಿ ನನ್ನ ಚಂದದ ಅಕ್ಷರದಲ್ಲಿ ‘ರಿಮಾರ್ಕಬಲ್ ರೆಸಿಲಿಯನ್ಸ್’ ಎಂದು ಇಂಗ್ಲಿಷಿನಲ್ಲಿ ಸೇರಿಸಿದೆ. ಎಂಥ ಕಷ್ಟದಲ್ಲೂ ಎಂಥ ಗಟ್ಟಿ ಮನಸ್ಸು ಎಂಬ ಅರ್ಥದಲ್ಲಿ.

ಹೊರಡುವಾಗ ಮಲ್ಲಮ್ಮ ಜೀಪಿನ ತನಕ ಬಂದಳು. “ಮನಸಿನ ಡಾಕ್ಟರ್ ಗಾಡಿ ಬರ್ತದಂತಲ್ರಿ. ಈಕಡಿ ಬರ್ತದಿಲ್ರಿ?”

ಅದನ್ನು ಹೇಳುವ ಅಧಿಕಾರ ನನಗಿರಲಿಲ್ಲ. ಮೇಲಿನವರು ತೀರ್ಮಾನಿಸುತ್ತಾರೆ ಎಂದೆ.

“ಬಂದ್ರ ಮೊದಲ ಈಕೀಗಿ ತೋರಿಸ್ಬೇಕು,” ಎಂದಳು, ನಾನು ಒಪ್ಪಿಕೊಂಡೆ ಎಂಬಂತೆ.

ಏಪ್ರಿಲಿನಲ್ಲಿ ರೇವತಿ ಲೆಕ್ಕ ಹಾಕಿ ಪಟ್ಟಿ ತಯಾರಿಸಿದಳು. ಎಲ್ಲಕ್ಕಿಂತ ಸುಖಿಗಳು ಖಣಿಯ ವಸ್ತಿಯವರು ಎಂದು ಬಂತು. ಗಾಡಿ ಕೊಡ್ಲಿಗೆ ಮತ್ತು ಇನ್ನು ನಾಲ್ಕು ಊರಿಗೆ.

“ಮಿಸ್, ಕಲ್ಲು ಒಡೆಯೋ ಜನ ಇಷ್ಟು ಹ್ಯಾಪಿನಾ?” ಎಂದು ಅವಳು ಕೇಳಿದಳು.

ನಾನು ಫೋನಿನಲ್ಲೇ ಒಂದು ಲೆಕ್ಚರ್ ಕೊಟ್ಟೆ. ಆಸೆ ಕಡಿಮೆ ಇದ್ದವರಿಗೆ ತೃಪ್ತಿ ಹೆಚ್ಚು, ನಾವು ಓದಿದವರಿಗೆ ಅದು ತಿಳಿಯುವುದಿಲ್ಲ, ಇತ್ಯಾದಿ. ಆಮೇಲೆ, “ಸರಿ, ಅದಿರಲಿ. ಮುಧೋಳದ ಎಂಟು, ಕೊಡ್ಲಿಯ ಐದು. ನಿಮಗೆ ಕಣ್ಣಾರೆ ಅಷ್ಟು ಫರಕು ಕಾಣಿಸ್ತಾ?” ಎಂದಳು.

ಕಾಣಿಸಿರಲಿಲ್ಲ. ಅದೇ ತೊಗರಿ, ಅದೇ ರೊಟ್ಟಿ, ಅದೇ ಬಿಸಿಲು.

“ನಂಗೂ ಅದೇ ಅನುಮಾನ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಸ್ಕೇಲ್ ಇದೆ. ನೀವು ವ್ಯಾಲ್ಯುಯೇಷನ್ ಮಾಡ್ತಿದ್ರಲ್ಲ ಮಿಸ್, ಒಬ್ಬರು ಧಾರಾಳ, ಒಬ್ಬರು ಜಿಪುಣ. ಯಾರು ಹೇಗೆ ಅಂತ ಹೇಗೆ ಗೊತ್ತಾಗುತ್ತೆ?”

“ಇಬ್ಬರಿಗೂ ಒಂದೇ ಆನ್ಸರ್ ಪೇಪರ್ ಕೊಟ್ಟು ನೋಡೋದು,” ಎಂದೆ.

“ಅದನ್ನೇ ಮಾಡೋಣ.”

ಆ ಒಂದೇ ಆನ್ಸರ್ ಪೇಪರನ್ನು ಬರೆಯುವ ಕೆಲಸ ನನಗೇ ಬಂತು. ಇಬ್ಬರು ಹೆಂಗಸರನ್ನು ಕಾಗದದ ಮೇಲೆ ಹುಟ್ಟಿಸಿದೆ. ಪಾರ್ವತಿ: ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ, ಮಲಗಿದರೆ ನಿದ್ದೆ ಬರುತ್ತದೆ, ನೆರೆಹೊರೆಯವರ ಜೊತೆ ನಗುತ್ತ ಮಾತಾಡುತ್ತಾಳೆ. ಗೌರಮ್ಮ: ತಿಂಗಳುಗಟ್ಟಲೆ ನಿದ್ದೆಯಿಲ್ಲ, ಉಂಡದ್ದು ರುಚಿಸುವುದಿಲ್ಲ, ಕಾರಣವಿಲ್ಲದೆ ಅಳು ಬರುತ್ತದೆ, ಆದರೂ ಮಕ್ಕಳಿಗೆ ಅಡುಗೆ ಮಾಡಿ ಹಾಕುತ್ತಾಳೆ. ಮೊದಲು ಇವರಿಬ್ಬರೂ ಎಷ್ಟನೇ ಪಾವಟಿಗಿ ಎಂದು ಕೇಳುವುದು, ಆಮೇಲೆ ಹೇಳುವವರ ಸ್ವಂತದ್ದು. ಕಾಗದದ ಈ ಹೆಂಗಸರನ್ನು ಹೊತ್ತು ಮೇ ತಿಂಗಳ ಬಿಸಿಲಲ್ಲಿ ಎಲ್ಲ ಊರೂ ಇನ್ನೊಮ್ಮೆ ಸುತ್ತಿದೆವು. ನನ್ನ ಕಾಲು ಬಾತುಕೊಂಡಿದ್ದವು. ಇಮಾಮಸಾಬ್ ಜೀಪಿನಲ್ಲಿ ಒಂದು ಮಡಕೆ ನೀರು ಇಟ್ಟುಕೊಂಡು, ನಾನು ಕಣ್ಣು ಮುಚ್ಚಿದಾಗಲೆಲ್ಲ “ಅಕ್ಕೋರ, ನೀರು,” ಎನ್ನುತ್ತಿದ್ದ.

ಮುಧೋಳದ ಗೃಹಿಣಿ ಗೌರಮ್ಮನ ಕಥೆ ಕೇಳಿ ಮೊರ ಕೆಳಗಿಟ್ಟಳು. “ಯಾ ಊರಾಕಿ ರೀ ಈಕಿ?”

“ಯಾರೂ ಅಲ್ಲ. ಸುಮ್ಮನೆ ಕಲ್ಪನೆ.”

“ಕಲ್ಪನಿ ಅಂದ್ರ ಇಷ್ಟು ಖರೇ ಹ್ಯಾಂಗಿರ್ತದ? ಹೆಸರು ಹೇಳಬ್ಯಾಡಂದಿರಬೇಕು. ಇಲ್ಲಿಗಿ ಕಳಸ್ರಿ, ನಾಕು ದಿನ ಇಟ್ಕೋತೀನಿ. ಏಳು ಹಾಕ್ರಿ, ಪಾಪ. ಅದಕ್ಕಿಂತ ಕಡಿಮಿ ಹಾಕಿದ್ದು ಕೇಳಿದ್ರ ಮನಸಿಗಿ ಹಚ್ಕೋತಾಳ.”

ತನಗೆ ಮತ್ತೆ ಎಂಟೇ ಹಾಕಿಸಿಕೊಂಡಳು. ಅಂದರೆ ನಿದ್ದೆಯಿಲ್ಲದೆ ಅಳುವವಳಿಗಿಂತ ಒಂದೇ ಒಂದು ಮೆಟ್ಟಿಲು ಮೇಲೆ. ಆ ಎಂಟು ಎಂಥ ಎಂಟು ಎಂದು ನನಗೆ ಆಗ ತಿಳಿಯಿತು. ಕೊಡ್ಲಿಯ ರೈತ ಗೌರಮ್ಮನಿಗೆ ಒಂದು ಕೊಟ್ಟ, ಪಾರ್ವತಿಗೆ ಆರು, ತನಗೆ ಐದು. ಅವನ ಐದು ಹೆಚ್ಚುಕಡಿಮೆ ನೆಮ್ಮದಿಯ ಐದು.

ಆಮೇಲೆ ಖಣಿ. ಮಧ್ಯಾಹ್ನ ಮಲ್ಲಮ್ಮ ಹರಕು ತಾಡಪತ್ರಿಯ ನೆರಳಲ್ಲಿ ಕೂತು ಪರಸಿ ಬಡಿಯುತ್ತಿದ್ದಳು. ನನ್ನನ್ನು ಕಂಡವಳೇ, “ಗಾಡಿ ಸುದ್ದಿ ತಂದೀರೇನ್ರಿ?” ಎಂದಳು. ಇಲ್ಲ, ಇನ್ನೆರಡು ಪ್ರಶ್ನೆ ಎಂದೆ. ಆಕೆ ಕೂಡಲು ಒಂದು ಗೋಣಿಚೀಲ ಹಾಸಿಕೊಟ್ಟಳು.

ಪಾರ್ವತಿಯ ಕಥೆ ಓದಿದೆ. “ಎರಡನೇದು,” ಎಂದಳು.

ಗೌರಮ್ಮನ ಕಥೆ ಓದಿದೆ. ಸುತ್ತಿಗೆ ನಿಂತಿತು. “ಒಂಬತ್ತು.”

ಆಕೆಗೆ ತಿಳಿದಿಲ್ಲ ಎಂದುಕೊಂಡೆ. ಹಿಂದಿನ ಬೆಂಚಿನ ವಿದ್ಯಾರ್ಥಿಗೆ ಓದಿದ ಹಾಗೆ ನಿಧಾನವಾಗಿ, ಎರಡನ್ನೂ ಮತ್ತೆ ಓದಿದೆ. ಆಕೆ ತಾಳ್ಮೆಯಿಂದ ಕೇಳಿದಳು.

“ತಿಳೀತ್ರಿ. ಗೌರಮ್ಮಗ ಒಂಬತ್ತು. ನನ್ನ ಹತ್ತಕ್ಕಿಂತ ಒಂದು ಮ್ಯಾಲ ಅದಾಳ. ಮಕ್ಕಳಿಗರೇ ಮಾಡಿ ಹಾಕ್ತಾಳಲ್ಲ ಆಕಿ.”

“ಹತ್ತಕ್ಕಿಂತ ಒಂಬತ್ತು ಮೇಲೆ ಹೆಂಗಾಗ್ತದ ಮಲ್ಲಮ್ಮಾ?”

ಹಿಂದೆ ನಿಂತಿದ್ದ ಇಮಾಮಸಾಬ್ ಮೊದಲು ಕೆಮ್ಮಿದ, ಆಮೇಲೆ ನಕ್ಕ, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. “ಅಕ್ಕೋರ, ಜರಾ ಈಕಡಿ ಬರ್ರಿ.”

ಖಣಿಯ ಅಂಚಿಗೆ ಕರೆದೊಯ್ದ. ಕೆಳಗೆ ಕಲ್ಲನ್ನು ಪದರ ಪದರವಾಗಿ ತೆಗೆದು ಬಿಟ್ಟ ಮೆಟ್ಟಿಲುಗಳು ಇಳಿಯುತ್ತ ಹೋಗಿದ್ದವು. ಅವನು ಬೆರಳು ಚಾಚಿ ನಮ್ಮ ಕಾಲ ಬಳಿಯಿಂದ ಎಣಿಸಿದ. “ಒಂದು. ಎರಡು. ಮೂರು. ನಮ್ಮಪ್ಪ ಇಲ್ಲೇ ದುಡದಾನ್ರಿ. ಖಣಿ ಪಾವಟಿಗಿ ಮ್ಯಾಲಿಂದ ಎಣಸೂದು. ಒಂದನೇದ್ರಾಗ ಗಾಳಿ ಅದ, ನೆಳ್ಳದ, ಕುಡಿಯೋ ನೀರು ಹತ್ರ. ಹತ್ತನೇದಂದ್ರ ತಳ. ಅಲ್ಲಿಗಿ ಇಳದಾಂವ ಮ್ಯಾಲ ಬರೂತನಾ ಮನ್ಯಾಗ ಯಾರೂ ಉಣ್ತಿದ್ದಿಲ್ಲ.”

ಪಾವಟಿಗಿ. ನಾನೇ ಆರಿಸಿದ ಶಬ್ದ. ಪ್ರಶ್ನೆಯ ಪ್ರತಿ ಮಾತೂ ಸರಿಯಾಗಿತ್ತು, ಉತ್ತರದ ಪ್ರತಿ ಮಾತೂ ಸರಿಯಾಗಿತ್ತು. ಮೇಲಿನದು ಸುಖ, ಕೆಳಗಿನದು ಕಷ್ಟ ಎಂದು ನಾವಿಬ್ಬರೂ ಒಪ್ಪಿದ್ದೆವು. ಎಣಿಕೆ ಎಲ್ಲಿಂದ ಎಂದು ಮಾತ್ರ ಯಾರೂ ಯಾರನ್ನೂ ಕೇಳಿರಲಿಲ್ಲ. ಅದನ್ನು ಹೇಳುವ ನಂಬರುಗಳನ್ನು ನಾನೇ ಅಳಿಸಿದ್ದೆ.

ಮಲ್ಲಮ್ಮ ನಮ್ಮ ಹಿಂದೆಯೇ ಬಂದಿದ್ದಳು. “ಮತ್ತ ನೀವು ಎಲ್ಲಿಂದ ಎಣಸ್ತೀರ್ರಿ ಅಕ್ಕೋರ? ತಳದಿಂದ? ಹಂಗಾರ ಮೊದಲ ತಳಕ್ಕ ಹ್ಯಾಂಗ ಹೋದ್ರಿ?”

ಪಕ್ಕದ ಹೆಂಗಸರು ನಕ್ಕರು. ಆಕೆಯೂ ನಕ್ಕಳು. ನನಗೆ ನಗು ಬರಲಿಲ್ಲವೆಂದು ಆಕೆಗೆ ಕಂಡಿತು.

“ನಾನು ಹತ್ತು ಅಂದದ್ದು ನೀವು ಏನಂತ ಬರ್ಕೊಂಡ್ರಿ?”

ಸುಳ್ಳು ಹೇಳಬಹುದಿತ್ತು. “ಎಲ್ಲರಿಗಿಂತ ಸುಖವಾಗಿದ್ದೀರಿ ಅಂತ,” ಎಂದೆ.

“ಗಾಡಿ ಅದಕ್ಕ ಬರ್ಲಿಲ್ಲೇನ್ರಿ?”

“ಹೌದು.”

“ಅಕ್ಕೋರ, ಆವತ್ತು ಆಕಿ ಅಲ್ಲೇ ಕುಂತಿದ್ಳಲ್ರಿ, ನಿಮ್ಮ ಕಣ್ಮುಂದ,” ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯದೆ ಕೇಳಿದ ಹಾಗೆ. ಆಮೇಲೆ ಹೋಗಿ ಸುತ್ತಿಗೆ ಹಿಡಿದಳು.

ಆ ರಾತ್ರಿಯೇ ರೇವತಿಗೆ ಬರೆದು ತಿಳಿಸಿದೆ. ಮರುದಿನ ಫೋನ್ ಬಂತು. “ಕಾರ್ಡ್ ಮೇಲೆ ನಂಬರ್ ಇತ್ತಲ್ಲ ಮಿಸ್?” ನಾನೇ ತೆಗೆಸಿದ್ದು ಎಂದೆ. “ಸರಿ ಮಿಸ್,” ಎಂದಳು, ಅಷ್ಟೆ. ಬೈದಿದ್ದರೆ ಹಗುರಾಗುತ್ತಿತ್ತು.

ವಸ್ತಿಯ ಅಂಕಗಳನ್ನು ಸುಮ್ಮನೆ ತಿರುಗಿಸಿ ಹಾಕಿದರಾಯಿತಲ್ಲ ಎಂದು ಕೇಳಿದೆ. ಆಗುವುದಿಲ್ಲವಂತೆ. ಅಲ್ಲಿ ಖಣಿಗೆ ಇಳಿಯದವರೂ ಇದ್ದರು, ಕಿರಾಣಿ ಅಂಗಡಿಯವನು, ಬಟ್ಟೆ ಹೊಲಿಯುವವಳು. ಅವರು ನನ್ನ ಹಾಗೆ ಕೆಳಗಿನಿಂದ ಎಣಿಸಿದ್ದರು. ಯಾರು ಎಲ್ಲಿಂದ ಎಣಿಸಿದರೆಂದು ಅವರವರು ಪಾರ್ವತಿ, ಗೌರಮ್ಮರನ್ನು ಎಲ್ಲಿಟ್ಟರು ಎನ್ನುವುದರಿಂದಲೇ ತಿಳಿಯಬೇಕು. ಹಾಗಾಗಿ ವಸ್ತಿಯ ಉಳಿದ ಮನೆಗಳಿಗೆ ಮತ್ತೆ ಹೋಗಬೇಕು, ಎಲ್ಲ ಊರಿನ ಲೆಕ್ಕ ಮತ್ತೆ ಹಾಕಬೇಕು, ದಾನಿಗಳ ಕಮಿಟಿ ಮತ್ತೆ ಕೂಡಬೇಕು. ಕಮಿಟಿ ಕೂಡುವುದು ಆಗಸ್ಟಿನಲ್ಲಿ.

ಜುಲೈಯಲ್ಲಿ ಮಳೆ ಹಿಡಿಯಿತು. ಖಣಿಗಳಲ್ಲಿ ನೀರು ನಿಂತು ಕೆಲಸ ಬಂದಾಯಿತು. ಉಳಿದ ಮನೆಗಳ ಫಾರ್ಮು ತುಂಬಲು ನಾನು ವಸ್ತಿಗೆ ಹೋದ ದಿನ ಮಲ್ಲಮ್ಮನ ಮನೆಯಲ್ಲಿ ಜೋಲಿ ಬಿಚ್ಚಿ ಮಡಚಿಟ್ಟಿತ್ತು. ಕಸ್ತೂರಿ ಅದೇ ಗೋಡೆಗೆ ಮುಖ ಮಾಡಿ ಕೂತಿದ್ದಳು.

ಮಲ್ಲಮ್ಮ ನನ್ನನ್ನು ಹೊರಗೇ ನಿಲ್ಲಿಸಿ ಹೇಳಿದಳು. ಹಿಂದಿನ ವಾರ ಮಧ್ಯಾಹ್ನ ಕಸ್ತೂರಿ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳಂತೆ. ಎಲ್ಲರಿಗೂ ಖುಷಿಯಾಯಿತಂತೆ. ಪರಸಿಯ ಒಟ್ಟಿಲ ಮೇಲೆ ಅದನ್ನು ಕೂಡಿಸಿ, ವಾಡಿಯ ರಸ್ತೆ ಹಿಡಿದು ನಡೆದುಬಿಟ್ಟಳಂತೆ. ಕಲ್ಲು ಮಳೆಗೆ ಜಾರುತ್ತಿತ್ತು. ಕೂಸು ಬಿದ್ದು ಹಣೆ ತರಚಿತು, ಅಷ್ಟರಲ್ಲಿ ಯಾರೋ ನೋಡಿದರು. ಆಚೆ ನೀರು ತುಂಬಿದ ಖಣಿ.

“ನನ್ನ ಮಗಾ ಹೆದರಿಬಿಟ್ಟ. ಸೇಡಂದಾಗಿನ ತನ್ನಕ್ಕನ್ನ ಕರಸಿದ. ಆಕೀಗಿ ಮಕ್ಕಳಿಲ್ಲ, ಕೂಸಿನ ಒಯ್ದಾಳ್ರಿ. ಈಕೀಗಿ ಹೇಳೇ ಕಳಸೀವಿ. ಹೂಂ ಅಂದ್ಳು. ಅಷ್ಟ.”

ಮೊದಲ ಪಟ್ಟಿಯ ಊರುಗಳಿಗೆ ಗಾಡಿ ಹೊರಡಬೇಕಿದ್ದದ್ದು ಏಪ್ರಿಲ್ ಕೊನೆಗೆ. ಮತ್ತೆ ಕೇಳುವ ಈ ಗಲಾಟೆಯಿಂದ ಅದೂ ನಿಂತಿತ್ತು. ಮಲ್ಲಮ್ಮನ ಹತ್ತನ್ನು ನಾನು ಆವತ್ತೇ ಸರಿಯಾಗಿ ಕೇಳಿಸಿಕೊಂಡಿದ್ದರೆ ಮೇ, ಜೂನ್, ಎರಡು ತಿಂಗಳ ಔಷಧಿ ಆ ಹುಡುಗಿಯ ಹೊಟ್ಟೆಗೆ ಹೋಗಿರುತ್ತಿತ್ತು. ಈ ಲೆಕ್ಕವನ್ನು ನಾನು ಎಷ್ಟೋ ಸಲ ಹಾಕಿದ್ದೇನೆ. ಪ್ರತಿ ಸಲವೂ ಅದೇ ಬರುತ್ತದೆ.

ಹೊಸ ಪಟ್ಟಿಯಲ್ಲಿ ಖಣಿಯ ವಸ್ತಿಯೂ ಮುಧೋಳವೂ ಸೇರಿದವು. ಕೊಡ್ಲಿ ಮತ್ತು ಇನ್ನೊಂದು ಊರು ಹೊರಗಾದವು. ಕೊಡ್ಲಿಯಲ್ಲೂ ಯಾರದೋ ಮನೆಯ ಮೂಲೆಯಲ್ಲಿ ಯಾರೋ ಕೂತಿರಬಹುದು. ಸರಾಸರಿಯಲ್ಲಿ ಅವರು ಕಾಣುವುದಿಲ್ಲ. ಆಮೇಲೆ ನಾನು ಆ ಕಡೆ ಹೋಗಲಿಲ್ಲ.

ಸೆಪ್ಟೆಂಬರಿನಲ್ಲಿ ಗಾಡಿ ವಸ್ತಿಗೆ ಬಂದ ಮೊದಲ ದಿನ ನಾನೂ ಇದ್ದೆ. ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಸ್ತೂರಿಯನ್ನು ಮುಂದೆ ಕೂಡಿಸಿಕೊಂಡು ಒಂದು ಫಾರ್ಮು ತೆಗೆದರು. ಈ ವಾರ ಎಷ್ಟು ಬೇಸರವಾಗಿತ್ತು, ಸೊನ್ನೆಯಿಂದ ಮೂರರೊಳಗೆ ಹೇಳಿ. ಕಸ್ತೂರಿ ನೆಲ ನೋಡುತ್ತಿದ್ದಳು. ಮಲ್ಲಮ್ಮ ಮುಂದೆ ಬಾಗಿ ಕೇಳಿದಳು:

“ಡಾಕ್ಟರಮ್ಮಾ, ಇದು ಮ್ಯಾಲಿಂದೋ ಕೆಳಗಿಂದೋ? ಮೊದಲ ಹೇಳಿಬಿಡ್ರಿ. ನಮ್ಮ ಅಕ್ಕೋರು ಒಮ್ಮೆ ತಪ್ಪು ಬರ್ಕೊಂಡು ಭಾಳ ಹೈರಾಣಾಗ್ಯಾರ.”

ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ಎದ್ದು ಗಾಡಿಯಿಂದ ಕೆಳಗಿಳಿದೆ. ಹೈರಾಣಾದವಳು ನಾನಂತೆ.

ಕಸ್ತೂರಿ ಚೇತರಿಸಿಕೊಳ್ಳಲು ಚಳಿಗಾಲವೆಲ್ಲ ಹಿಡಿಯಿತು. ನನ್ನ ಸರ್ವೆಯ ಕೆಲಸ ಅಷ್ಟರಲ್ಲಿ ಮುಗಿದಿತ್ತು, ಆದರೆ ಮಲ್ಲಮ್ಮ ಆಗಾಗ ಇಮಾಮಸಾಬ್‌ನಿಂದ ಫೋನ್ ಹಚ್ಚಿಸಿ ಮಾತಾಡುತ್ತಿದ್ದಳು. ಒಂದು ಮಧ್ಯಾಹ್ನ, “ಬ್ಯಾಳ್ಯಾಗ ಉಪ್ಪಿಲ್ಲ ಅಂದ್ಳ್ರಿ ಅಕ್ಕೋರ,” ಎಂದಳು. ಮತ್ತೇನು ಎಂದೆ. “ಮತ್ತೇನಿಲ್ಲ. ಉಪ್ಪಿಲ್ಲ ಅಂದ್ಳು. ಉಪ್ಪು ಹಾಕಿದೆ. ಉಂಡ್ಳು.”

ಕೂಸು ಮಾತ್ರ ಸೇಡಂದಿಂದ ಬರಲಿಲ್ಲ. ಕಸ್ತೂರಿ ಪೂರ್ತಿ ಸುಧಾರಿಸಲಿ ಎಂದರು. ಆಮೇಲೆ ಬೇಸಿಗೆ ಹೋಗಲಿ ಎಂದರು. ಆ ಅತ್ತಿಗೆ, ಕಸ್ತೂರಿಯ ಗಂಡನ ಅಕ್ಕ, ಕೆಟ್ಟವಳಲ್ಲ. ನಡೆಯಲು ಕಲಿಸಿದವಳು, ಮಾತು ಕಲಿಸಿದವಳು. ಅವ್ವ ಎಂದು ಕರೆಸಿಕೊಂಡವಳು. ಬಿಡು ಎಂದರೆ ಬಿಡುವುದು ಅಷ್ಟು ಸುಲಭವೇ?

ಮೂರು ವರ್ಷದ ಮೇಲೆ ಒಂದು ದಿನ ವಾಡಿಯಲ್ಲಿ ಇಮಾಮಸಾಬ್‌ನ ಮಗಳ ಮದುವೆ ಮುಗಿಸಿಕೊಂಡು ಕಲಬುರಗಿಯ ಗಾಡಿಗಾಗಿ ಪ್ಲಾಟ್‌ಫಾರ್ಮಿನಲ್ಲಿ ಕೂತಿದ್ದೆ. ಬೆಳಗಿನ ಹತ್ತು ಗಂಟೆಯ ಬಿಸಿಲು. ಸ್ವಲ್ಪ ದೂರದಲ್ಲಿ ಮಲ್ಲಮ್ಮ ಕಂಡಳು, ಪಕ್ಕದಲ್ಲಿ ಕಸ್ತೂರಿ. ನಾನು ಅವಳ ಮುಖವನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು ಇರಬೇಕು. ಅಗಲ ಹಣೆ, ಸ್ವಲ್ಪ ಮುಂದೆ ಬಂದ ಹಲ್ಲು. ಹಸಿರು ಸೀರೆ ಉಟ್ಟಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು.

“ಸೇಡಂ ಗಾಡಿಗಿ ಬರ್ತಾರ್ರಿ,” ಎಂದಳು ಮಲ್ಲಮ್ಮ ನನ್ನ ಹತ್ತಿರ ಬಂದು, ದನಿ ತಗ್ಗಿಸಿ. “ಈ ಸಲ ಬಿಟ್ಟು ಹೋಗ್ತೀನಿ ಅಂದಾಳ ಮಗಳು. ಹೋದ ಸಲಾನೂ ಅಂದಿದ್ಳು. ಹುಡುಗಾ ಅತ್ತು ಅತ್ತು ನೀಲಿಯಾದ, ಮತ್ತ ಕರ್ಕೊಂಡು ಹೋದ್ಳು.”

ಗಾಡಿ ಬಂತು. ಅತ್ತಿಗೆ ಇಳಿದಳು, ಅವಳ ಬೆರಳು ಹಿಡಿದು ಹುಡುಗ. ಇಳಿದವನೇ ಅವಳ ಸೀರೆಯ ನೆರಿಗೆಯ ಹಿಂದೆ ಸೇರಿಕೊಂಡ. ಕಸ್ತೂರಿ ಕೈ ಚಾಚಲಿಲ್ಲ, ಕರೆಯಲೂ ಇಲ್ಲ. “ವೈನಿ, ಊಟಾ ಆಗ್ಯಾದೇನು ಅಂವಂದು?” ಎಂದಳು. ನಾನು ಅವಳ ದನಿ ಕೇಳಿದ್ದು ಅಷ್ಟೆ. ಉಂಡಾನ ಎಂದಳು ಅತ್ತಿಗೆ, ಕಣ್ಣು ಬೇರೆ ಕಡೆ ಹೊರಳಿಸಿ.

ನನ್ನ ಗಾಡಿ ಎದುರಿನ ಪ್ಲಾಟ್‌ಫಾರ್ಮಿಗೆ ಬಂತು. ಮಲ್ಲಮ್ಮ ನನ್ನ ಚೀಲ ಎತ್ತಿಕೊಟ್ಟು ಸೇತುವೆಯ ತನಕ ಬಂದು ಹಿಂದಿರುಗಿದಳು. ಹತ್ತಿ ಕೂತು ಕಿಟಕಿಯಿಂದ ನೋಡಿದೆ. ಹುಡುಗನ ಒಂದು ಕಾಲಿನ ಚಪ್ಪಲಿಯ ಪಟ್ಟಿ ಬಿಚ್ಚಿಹೋಗಿತ್ತು. ಕಸ್ತೂರಿ ಅವನ ಮುಂದೆ ನೆಲಕ್ಕೆ ಕೂತು, ಮುಖ ನೋಡದೆ, ಬರಿ ಆ ಪಟ್ಟಿಯನ್ನು ನೋಡುತ್ತ ಅದನ್ನು ಸಿಕ್ಕಿಸುತ್ತಿದ್ದಳು. ನನ್ನ ಗಾಡಿ ಅಲುಗಿತು. ಅವನು ಒಂಟಿಕಾಲಲ್ಲಿ ಓಲಾಡಿ, ಬೀಳಬಾರದೆಂದು ಅವಳ ತಲೆಯ ಮೇಲೆ ಕೈ ಊರಿದ. ಅವಳು ಪಟ್ಟಿ ಹಾಕಿ ಮುಗಿಸಿದ್ದಳು. ಆದರೂ ಕಾಲು ಬಿಡಲಿಲ್ಲ, ತಲೆ ಎತ್ತಲಿಲ್ಲ. ಹಾಗೆಯೇ ಕೂತಿದ್ದಳು.